‘ನಿನ್ನ ನನ್ನಪ್ಪ ಹೇಗಿದ್ದಾರೆ?’: ಕುಡುಖ್ ನುಡಿಯ ನಂಟಿನ ಪದಗಳು ಮತ್ತು ನಮ್ಮ ತಂದೆ-ತಾಯಿ

ಗುಮ್ಲಾದಿಂದ ಬಂದವನು

ಊರು ಹಾವೇರಿ ಹತ್ತಿರ, ಬ್ಯಾಂಕಿನ ಕೆಲಸ. ಜಾರ್ಖಂಡಿನ ಗುಮ್ಲಾದಲ್ಲಿ ನಾಲ್ಕು ವರ್ಷ ಇದ್ದು ಹೋದ ವರ್ಷ ವರ್ಗವಾಗಿ ಬಂದೆ. ಅಲ್ಲಿ ಮಾಡಿಕೊಂಡ ಒಂದು ಎಡವಟ್ಟು ಇನ್ನೂ ತಲೆಯಿಂದ ಹೋಗಿಲ್ಲ. ಭಾಷೆಯ ಹುಚ್ಚಿರುವವರ ಮುಂದೆ ಇಡೋಣ ಅಂತ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದವಾದರೆ ಬೈಯಬೇಡಿ.

ಗುಮ್ಲಾ, ಲೋಹರದಗಾ, ರಾಂಚಿ ಸುತ್ತಮುತ್ತ ಉರಾಂವ್ ಜನ ಹೆಚ್ಚು. ಅವರ ಮಾತು ಕುಡುಖ್. ಸುತ್ತಲೂ ಹಿಂದಿ, ಹಿಂದಿಗೆ ಹತ್ತಿರದ ಸಾದ್ರಿ, ಸಂತಾಲಿಯ ಬಳಗದ ಮುಂಡಾರಿ. ನಡುವೆ ಈ ಒಂದು ದ್ರಾವಿಡ ನುಡಿ. ‘ನಾನು’ ಅನ್ನೋದಕ್ಕೆ ಏನ್, ‘ನೀನು’ ಅನ್ನೋದಕ್ಕೆ ನೀನ್, ಬರುವುದಕ್ಕೆ ಬರ್. ಮೊದಲ ವಾರದಲ್ಲೇ ಇಷ್ಟು ಕಿವಿಗೆ ಬಿದ್ದು, ಭಾಷೆ ಬಂದೇಬಿಟ್ಟಿತು ಅನ್ನೋ ಸೊಕ್ಕು ನನಗೆ.

ಪಕ್ಕದ ಕೌಂಟರಿನ ಗೆಳೆಯನ ತಂದೆಗೆ ಕಣ್ಣಿನ ಪೊರೆ ಆಪರೇಷನ್ ಆಗಿತ್ತು. ಅವನು ದಿನಾ ಫೋನಿನಲ್ಲಿ ‘ಎಂಬಸ್, ಎಂಬಸ್’ ಅನ್ನುತ್ತಿದ್ದ. ಸರಿ, ಎಂಬಸ್ ಅಂದರೆ ತಂದೆ ಅಂತ ಗಟ್ಟಿ ಮಾಡಿಕೊಂಡೆ. ‘ನಿಂಗ್ಹಯ್’ ಅಂದರೆ ‘ನಿನ್ನ’, ಅದು ಮೊದಲೇ ಗೊತ್ತಿತ್ತು. ಒಂದು ಬೆಳಿಗ್ಗೆ ಎಲ್ಲರ ಮುಂದೆ, ಅರ್ಧ ಕುಡುಖ್ ಅರ್ಧ ಹಿಂದಿ ಸೇರಿಸಿ ಕೇಳಿದೆ: ‘ನಿಂಗ್ಹಯ್ ಎಂಬಸ್ ಕೈಸೇ ಹೈಂ?’

ಚಹಾ ತರುತ್ತಿದ್ದ ಹುಡುಗ ಟ್ರೇ ಕೆಳಗಿಟ್ಟು ನಕ್ಕ. ಗೆಳೆಯ ಗಂಭೀರವಾಗಿ, ‘ನಮ್ಮಪ್ಪ ನಿನಗೂ ಅಪ್ಪ ಯಾವಾಗ ಆದ? ಹೊಲದಲ್ಲಿ ಪಾಲು ಕೇಳೋಕೆ ಬಂದಿದ್ದೀಯಾ?’ ಅಂದ.

ಆಮೇಲೆ ತಿಳಿಯಿತು. ಎಂಬಸ್ ಅಂದರೆ ಬರೀ ತಂದೆ ಅಲ್ಲ, *ನನ್ನ* ತಂದೆ. ನಿನ್ನ ತಂದೆ ಬೇಕಾದರೆ ನಿಂಬಸ್. ಅವನ ತಂದೆ ಆದರೆ ತಂಬಸ್. ನನ್ನ ತಾಯಿ ಇಂಗ್ಯೋ, ನಿನ್ನ ತಾಯಿ ನಿಂಗ್ಯೋ, ಅವನ ತಾಯಿ ತಂಗ್ಯೋ. ಮಗ: ಎಂಗ್ದಸ್, ನಿಂಗ್ದಸ್, ತಂಗ್ದಸ್. ಮಗಳಾದರೆ ಎಂಗ್ದಾ, ನಿಂಗ್ದಾ, ತಂಗ್ದಾ. ಕೊನೆಯ ‘ಸ್’ ಗಂಡಸಿನ ಏಕವಚನಕ್ಕೆ ಬರುವ ಪ್ರತ್ಯಯ. ಆಲ್ ಎನ್ನುವುದಕ್ಕೆ ‘ಸ್’ ಸೇರಿ ಆಲಸ್, ಗಂಡಸು. ಮೊದಲಿನ ಎಂ-ನಿಂ-ತಂ ಸಂಬಂಧ ಯಾರದ್ದು ಅನ್ನೋದನ್ನು ಹೇಳುತ್ತದೆ. ಅದನ್ನು ಕಿತ್ತುಹಾಕಿ ‘ಬಸ್’ ಅಂದರೆ ರಸ್ತೆಯ ಮೇಲೆ ಓಡೋ ಬಸ್ಸೇ.

ನಾನು ಕೇಳಿದ್ದು ‘ನಿನ್ನ ನನ್ನಪ್ಪ ಹೇಗಿದ್ದಾರೆ’ ಅಂತ. ಒಂದು ತಿಂಗಳು ಅದೇ ತಮಾಷೆ ನಡೆಯಿತು.

ಅದಾಗಿ ಎಷ್ಟೋ ದಿನದ ಮೇಲೆ ಮನೆಗೆ ಏನೋ ಬರೆಯುತ್ತಾ ‘ನನ್ನ ತಂದೆಯವರು’ ಅಂತ ಬರೆದೆ, ಕೈ ನಿಂತುಬಿಟ್ಟಿತು. ತಂದೆ. ತಂಬಸ್. ಈ ‘ತಂ’ ಅದೇ ‘ತಂ’ ಅಲ್ಲವೇ? ತಂದೆ, ತಾಯಿ, ತಂಗಿ, ತಮ್ಮ, ನಾಲ್ಕಕ್ಕೂ ತ! ಹಾಗಾದರೆ ‘ನನ್ನ ತಂದೆ’ ಅನ್ನೋದು ‘ನನ್ನ ಅವನಪ್ಪ’ ಅಂದ ಹಾಗೆ. ಗುಮ್ಲಾದಲ್ಲಿ ನಕ್ಕರಲ್ಲ, ಅದೇ ತಪ್ಪನ್ನು ನಾವು ನೂರಾರು ವರ್ಷಗಳಿಂದ ಮಾಡುತ್ತಾ ಬಂದಿದ್ದೇವೆ ಅನ್ನೋದು ನನ್ನ ವಾದ. ಬಲ್ಲವರು ಹೇಳಿ.

ಹುಬ್ಬಳ್ಳಿ ಮಂದಿ

ಹಂಗಾರ ನಾವು ದಿನಾ ‘ನನ್ನ ಅವರಪ್ಪ’ ಅನ್ನಾಕತ್ತೀವೇನ್ರಿ? ತಲಿ ತಿರಗಾಕತ್ತು.

ಬಸ್ಸಿನ್ಯಾಗ ಗುರ್ತಿಲ್ಲದ ಹುಡುಗಗೂ ನಾವು ‘ಏ ತಮ್ಮಾ, ಅಷ್ಟ ಸರಿ’ ಅಂತೀವಿ. ನಿಮ್ಮ ಲೆಕ್ಕದಾಗ ಅದು ‘ಏ ಅವರ ಸಣ್ಣಾವನ, ಅಷ್ಟ ಸರಿ’ ಆಗತ್ತ. ಯಾರ ಸಣ್ಣಾವ? ಯಾರವಾ ಅಂತ ಗೊತ್ತಿಲ್ಲಂತನ ಹಂಗಂತೀವಿ ಬಿಡ್ರಿ.

ಕಡಲತಡಿ

ಮಾರಾಯ್ರೆ, ನಾಲ್ಕು ಪದಕ್ಕೆ ತ ಇದ್ದ ಮಾತ್ರಕ್ಕೆ ಹೀಗೆ ಹೇಳಲಿಕ್ಕೆ ಆಗ್ತದಾ? ತಲೆ, ತಟ್ಟೆ, ತಂಬಿಗೆ, ತಂಬುಳಿ ಎಲ್ಲದಕ್ಕೂ ತ ಉಂಟು. ತಲೆ ಅಂದ್ರೆ ‘ಅವನ ಲೆ’ ಅಂತ ನಾಳೆ ಯಾರಾದ್ರೂ ಹೇಳಿಯಾರು. ಸದ್ದು ಹೋಲ್ತದೆ ಅಂತ ಪದ ಬಿಡಿಸುವವರನ್ನು ನಾವು ಬೇಕಾದಷ್ಟು ನೋಡಿದ್ದೇವೆ.

ಸಂಗದ ಹಾದಿ

ಕಡಲತಡಿಯವರ ಅನುಮಾನ ಸರಿಯಾದದ್ದೇ. ಒಂದೇ ಅಕ್ಷರ ನೋಡಿ ಏನೂ ಹೇಳಬಾರದು. ಎನ್-ನಿನ್-ತನ್ (ನನ್ನ, ನಿನ್ನ, ತನ್ನ) ಮೂರೂ ಜೋಡಿಯಾಗಿ ಸಿಕ್ಕಬೇಕು, ಅದೂ ಒಂದೇ ಪದಕ್ಕೆ. ‘ತಲೆ’ಗೆ ‘ಎಲೆ’, ‘ನಿಲೆ’ ಜೊತೆ ಇಲ್ಲ. ತಂದೆಗೆ ಇದೆ, ಆದರೆ ಕನ್ನಡದಲ್ಲಿ ಅಲ್ಲ, ಹಳೆಯ ತಮಿಳಿನಲ್ಲಿ.

ಸಂಗಂ ಕಾಲದ ತಮಿಳಿನಲ್ಲಿ ಎಂದೈ (ನನ್ನ ತಂದೆ), ನುಂದೈ (ನಿನ್ನ ತಂದೆ), ತಂದೈ (ಅವನ ತಂದೆ). ತಾಯಿಗೆ ಯಾಯ್, ಞಾಯ್, ತಾಯ್. ತಂಗಿಗೆ ಎಂಗೈ, ನುಂಗೈ, ತಂಗೈ. ತಮ್ಮನಿಗೆ ಎಂಬಿ, ಉಂಬಿ, ತಂಬಿ. ಆ ಕಾಲದ ಪ್ರೇಮಪದ್ಯಗಳ ಸಂಕಲನ ಕುರುಂದೊಗೈಯ 40ನೇ ಪದ್ಯ ಹಲವರಿಗೆ ಗೊತ್ತಿರಬಹುದು, ಕೆಂಪು ನೆಲದ ಮೇಲೆ ಬಿದ್ದ ಮಳೆನೀರಿನ ಹೋಲಿಕೆ ಬರುತ್ತದಲ್ಲ, ಅದೇ. ನನ್ನ ತಾಯಿಗೂ ನಿನ್ನ ತಾಯಿಗೂ ಏನು ನಂಟು, ನನ್ನ ತಂದೆಗೂ ನಿನ್ನ ತಂದೆಗೂ ಎಲ್ಲಿಯ ಬಳಗ ಅಂತ ಕೇಳುವ ಆ ಸಾಲುಗಳಲ್ಲಿ ‘ನನ್ನ’, ‘ನಿನ್ನ’ ಅನ್ನುವ ಬೇರೆ ಪದಗಳೇ ಇಲ್ಲ. ಯಾಯ್, ಞಾಯ್, ಎಂದೈ, ನುಂದೈ ಅಂದರೆ ಮುಗಿಯಿತು. ಆ ಪದ್ಯವನ್ನು ಕನ್ನಡಕ್ಕೆ ತರುವಾಗ ನಾಲ್ಕು ಪದ ಎಂಟಾಗುತ್ತದೆ, ಬಿಗಿ ಸಡಿಲವಾಗುತ್ತದೆ. ಅನುವಾದ ಮಾಡಹೋಗಿ ಕೈಸುಟ್ಟುಕೊಂಡವನ ಮಾತಿದು.

ತಂಬಿಯ ‘ಬಿ’ಗೆ ಮೂಲ ‘ಪಿನ್’ ಅನ್ನುತ್ತಾರೆ, ನಮ್ಮ ‘ಹಿಂದೆ’ ಬಂದದ್ದೂ ಆ ಪಿನ್‌ನಿಂದಲೇ. ತಮ್ಮ ಹಿಂದೆ ಹುಟ್ಟಿದವನು ತಂಬಿ. ತೆಲುಗಿನ ತಂಡ್ರಿ, ತಲ್ಲಿ, ತಮ್ಮುಡು ನೋಡಿದರೂ ಅದೇ ತ. ಕನ್ನಡ, ತೆಲುಗು, ಈಗಿನ ತಮಿಳು ಮೂರರಲ್ಲೂ ‘ಅವನ’ ರೂಪವೊಂದೇ ಉಳಿದು, ಅದೇ ಮೂಲಪದದಂತೆ ಕೂತುಬಿಟ್ಟಿತು. ಕುಡುಖ್‌ನಲ್ಲಿ ಮೂರೂ ಇನ್ನೂ ಬಳಕೆಯಲ್ಲಿವೆ ಅನ್ನೋದು ಸಂಗಂ ಓದಿದವನಿಗೆ ಮೈ ಜುಮ್ಮೆನ್ನಿಸುವ ಸುದ್ದಿ.

ಹುಬ್ಬಳ್ಳಿ ಮಂದಿ

ತಮಿಳಿನ ಎಂಬಿ, ಕುಡುಖ್ ಎಂಬಸ್. ಎರಡೂ ಒಂದ ಅಂದಂಗಾತು! ಸಿಕ್ತು ನೋಡ್ರಿ.

ಗುಮ್ಲಾದಿಂದ ಬಂದವನು

ಇಲ್ಲ ಸರ್, ನನ್ನ ಹಾಗೆ ನೀವೂ ಬಿದ್ದಿರಿ. ಎಂಬಿ ನನ್ನ ತಮ್ಮ, ಎಂಬಸ್ ನನ್ನ ಅಪ್ಪ. ಮುಂದಿನ ‘ಎಂ’ ಒಂದೇ. ಹಿಂದಿನ ‘ಬಿ’ ಪಿನ್‌ನಿಂದ ಬಂದದ್ದು, ಕುಡುಖ್‌ನ ‘ಬ’ ಅಪ್ಪನದ್ದು. ಬೀಗದಕೈ ಒಂದೇ, ಮನೆ ಬೇರೆ.

ಸಂಗದ ಹಾದಿಯವರಿಗೆ ದೊಡ್ಡ ನಮಸ್ಕಾರ. ಇನ್ನೊಂದು ವಿಷಯ. ಕುಡುಖ್‌ನಲ್ಲೂ ‘ಅವನ ಮಗ’ ಅನ್ನಲು ಬರೀ ತಂಗ್ದಸ್ ಅನ್ನದೆ ‘ಆಸ್‌ಗಹಿ ತಂಗ್ದಸ್’ ಅನ್ನುತ್ತಾರೆ, ಅಂದರೆ ‘ಅವನ ಅವನಮಗ’. ಎರಡೆರಡು ಸಲ ಹೇಳುವುದು ಅಲ್ಲೂ ಶುರುವಾಗಿದೆ, ಆದರೆ ‘ತ’ದ ಸಾಲಿನಲ್ಲಿ. ನಮ್ಮಲ್ಲಿ ಬಾಗಿಲು ತೆರೆದದ್ದು ಅಲ್ಲೇ ಇರಬೇಕು ಅಂತ ನನ್ನ ಊಹೆ. ‘ಅವನ ತಂದೆ’ ಸಲೀಸಾಗಿ ಹೇಳುತ್ತಾ ಹೇಳುತ್ತಾ ತಂದೆಯೊಳಗಿನ ‘ತನ್ನ’ ಕಿವಿಗೆ ಕೇಳಿಸದಂತಾಗುತ್ತದೆ. ಒಮ್ಮೆ ಕಿವುಡಾದ ಮೇಲೆ ‘ನನ್ನ ತಂದೆ’ ಅನ್ನೋದಕ್ಕೆ ಏನು ಅಡ್ಡಿ?

ಮಾನಸಗಂಗೋತ್ರಿ ಹಳೇ ವಿದ್ಯಾರ್ಥಿ

ಕಿವುಡಾಗುವುದಕ್ಕೆ ನಮ್ಮಲ್ಲೇ ಒಳ್ಳೆಯ ಸಾಕ್ಷಿ ಇದೆ: ‘ಅವರು ತಮ್ಮ ತಮ್ಮನನ್ನು ಕರೆದರು.’ ಎರಡು ‘ತಮ್ಮ’ ಪಕ್ಕಪಕ್ಕ ಕೂತಿವೆ, ಎರಡರಲ್ಲೂ ಇರೋದು ಅದೇ ‘ತಮ್’. ಆದರೂ ಒಂದು ಸರ್ವನಾಮ, ಒಂದು ನಂಟು ಅಂತ ಓದಿಕೊಂಡು ಹೋಗುತ್ತೇವೆ.

ಅಪ್ಪ, ಅಮ್ಮ, ಅಣ್ಣ, ಅಕ್ಕ, ಅಜ್ಜ, ಅತ್ತೆ ಇವಕ್ಕೆ ಮೊದಲಲ್ಲಿ ತ ಇಲ್ಲ ಗಮನಿಸಿ. ಇವೆಲ್ಲ ಕೂಗಿ ಕರೆಯುವ ಪದಗಳು. ಕಿರಿಯರನ್ನು ಹೆಸರು ಹಿಡಿದೇ ಕರೆಯುತ್ತಿದ್ದರು, ಹಾಗಾಗಿ ಅವರಿಗೆ ಉಳಿದದ್ದು ಬೇರೆಯವರ ಮುಂದೆ ಹೇಳುವಾಗಿನ ಪದ: ತಮ್ಮ, ತಂಗಿ. ತಂದೆ ತಾಯಿಯೂ ಹೇಳುವ ಪದಗಳೇ. ಅಪ್ಪನ ಎದುರು ನಿಂತು ‘ತಂದೆ, ಊಟಕ್ಕೆ ಬಾ’ ಅಂತ ನಾಟಕದಲ್ಲಿ ಬಿಟ್ಟರೆ ಯಾರಂತಾರೆ? ಹುಬ್ಬಳ್ಳಿಯವರ ‘ಏ ತಮ್ಮಾ’ ಆಮೇಲಿನ ಬೆಳವಣಿಗೆ.

ಈ ವಿಷಯವನ್ನು ಭಾಷಾವಿಜ್ಞಾನಿ ಮರ್ರಿ ಎಮೆನೋ 1953ರಲ್ಲೇ ದ್ರಾವಿಡ ನಂಟಿನ ಪದಗಳ ಮೇಲಿನ ಲೇಖನದಲ್ಲಿ ಎತ್ತಿಕೊಂಡಿದ್ದರು. ಭದ್ರಿರಾಜು ಕೃಷ್ಣಮೂರ್ತಿಯವರ 2003ರ ದ್ರಾವಿಡ ಭಾಷೆಗಳ ಪುಸ್ತಕದಲ್ಲೂ ಬರುತ್ತದೆ. ಹಾಗಾಗಿ ಕಡಲತಡಿಯವರೇ, ಇದು ಸದ್ದಿನ ಆಟ ಅಲ್ಲ.

ಕುಡುಖ್‌ಗೆ ಒಡಹುಟ್ಟು ಮಾಲ್ತೊ, ರಾಜಮಹಲ್ ಬೆಟ್ಟಗಳ ಪಹಾಡಿಯಾ ಜನರ ಮಾತು. ಅಲ್ಲೂ ಮಗನಿಗೆ ಎಂಗದೆ, ನಿಂಗದೆ, ತಂಗದೆ. ಮಾಲ್ತೊ ಬಗ್ಗೆ ಬಿ.ಪಿ. ಮಹಾಪಾತ್ರ ಅವರ ಪುಸ್ತಕ ಹೊರಬಂದದ್ದು ನಮ್ಮ ಮೈಸೂರಿನಿಂದಲೇ, 1979ರಲ್ಲಿ, ಭಾರತೀಯ ಭಾಷಾ ಸಂಸ್ಥಾನದಿಂದ. ಎಂ.ಎ. ಓದುವಾಗ ಆ ಸಂಸ್ಥೆಯ ಮುಂದೆ ದಿನಾ ನಡೆದು ಕ್ಯಾಂಟೀನಿಗೆ ಹೋಗುತ್ತಿದ್ದೆ, ಒಳಗೆ ಹೋಗಿ ಅದನ್ನು ತೆರೆದದ್ದು ಕೆಲಸ ಸಿಕ್ಕ ಹತ್ತು ವರ್ಷದ ಮೇಲೆ.

ನುಡಿಹೆಮ್ಮೆ

ಅಂದರೆ ಕುಡುಖ್ ಕನ್ನಡದಿಂದ ಹುಟ್ಟಿದ ಭಾಷೆ ಅಂತಾಯ್ತು. ಉರಾಂವ್ ಜನ ಕರ್ನಾಟಕದಿಂದ ಹೋದವರು ಅಂತ ಎಲ್ಲೋ ಓದಿದ್ದೆ. ಸಿರಿಗನ್ನಡಂ ಗೆಲ್ಗೆ!

ಗುಮ್ಲಾದಿಂದ ಬಂದವನು

ಅದು ಹಾಗಲ್ಲ. ಅವರ ಹಿರಿಯರು ಹೇಳುವ ಕಥೆಯಲ್ಲಿ ಕರ್ನಾಟಕದ ಕಡೆಯಿಂದ ಹೊರಟು ನರ್ಮದೆಯ ಗುಂಟ ಹೋಗಿ ಸೋನ್ ನದಿಯ ಹತ್ತಿರ ರೋಹ್ತಾಸ್‌ಗಢದಲ್ಲಿ ನೆಲೆ ನಿಂತೆವು ಅಂತ ಇದೆ, ಬ್ರಿಟಿಷರ ಕಾಲದ ಬರಹಗಳಲ್ಲೂ ದಾಖಲಾಗಿದೆ. ರೋಹ್ತಾಸ್‌ಗಢವಂತೂ ಅವರ ಮನಸ್ಸಿನಲ್ಲಿ ದೊಡ್ಡದು. ಹೆಂಗಸರು ಗಂಡುವೇಷ ತೊಟ್ಟು ಕೋಟೆ ಕಾಯ್ದದ್ದರ ನೆನಪಿಗೆ ಹನ್ನೆರಡು ವರ್ಷಕ್ಕೊಮ್ಮೆ ಜನೀ ಶಿಕಾರ್ ಅಂತ ಹೆಂಗಸರೇ ಬೇಟೆಗೆ ಹೊರಡುತ್ತಾರೆ. ಕಥೆಗೆ ಗೌರವ ಕೊಡೋಣ.

ಭಾಷೆ ಬೇರೆಯೇ ಹೇಳುತ್ತದೆ. ಕುಡುಖ್‌ನ ಹತ್ತಿರದ ನಂಟರು ಮಾಲ್ತೊ, ಆಮೇಲೆ ಬಲೂಚಿಸ್ತಾನದ ಬ್ರಾಹುಯಿ. ಕನ್ನಡ ತಮಿಳಿನ ಕೊಂಬೆಯದು. ಕುಡುಖ್ ನಮಗೆ ಮಗಳಲ್ಲ, ದಾಯಾದಿ, ಅದೂ ಬಹಳ ಹಿಂದೆ ಪಾಲಾದ ದಾಯಾದಿ. ನಾವು ಮಾರಿಕೊಂಡ ಒಡವೆ ಅವರ ಪೆಟ್ಟಿಗೆಯಲ್ಲಿದೆ ಅಂದರೆ ಅವರು ನಮ್ಮ ಮಕ್ಕಳಾಗಿಬಿಡುತ್ತಾರೆಯೇ?

ಕಡಲತಡಿ

ಸರಿ, ತಮಿಳಿನ ಸಾಲು ಕಂಡ ಮೇಲೆ ನನ್ನ ತಂಬುಳಿ ವಾದ ಹಿಂದೆ ತೆಗೊಂಡೆ. ಆದರೆ ಇನ್ನೊಂದು ಪ್ರಶ್ನೆ. ಕುಡುಖ್‌ನವರು ಮುಂಡಾರಿಯವರ ಪಕ್ಕದಲ್ಲೇ ಬದುಕಿದವರಲ್ವಾ? ಸಂತಾಲಿ, ಮುಂಡಾರಿಯಲ್ಲೂ ನಂಟಿಗೆ ನನ್ನ-ನಿನ್ನ ಅಂಟಿಸ್ತಾರೆ ಅಂತ ಕೇಳಿದ್ದೇನೆ. ಅಲ್ಲಿಂದ ಕಲಿತದ್ದು ಯಾಕಾಗಬಾರದು?

ಹಾಗೇ ಒಂದು: ತುಳುವಿನಲ್ಲಿ ಸೋದರಮಾವನಿಗೆ ತಮ್ಮಲೆ ಅಂತೇವೆ. ಇದೂ ನಿಮ್ಮ ತ ಬಳಗವಾ?

ಸಂಗದ ಹಾದಿ

ಒಳ್ಳೆಯ ಪ್ರಶ್ನೆ. ಸಂತಾಲಿಯಲ್ಲಿ ಅಪುಞ್ ನನ್ನ ತಂದೆ, ಅಪುಮ್ ನಿನ್ನ ತಂದೆ, ಅಪಾತ್ ಅವನ ತಂದೆ. ಗುರುತು ಎಲ್ಲಿದೆ ನೋಡಿ, ಬಾಲದಲ್ಲಿ. ಕುಡುಖ್‌ನಲ್ಲಿ ತಲೆಯಲ್ಲಿ, ಅದೂ ತನ್ನದೇ ದ್ರಾವಿಡ ಸರ್ವನಾಮಗಳಿಂದ ಮಾಡಿದ್ದು. ಮೇಲಾಗಿ ಸಂಗಂ ತಮಿಳಿಗೆ ಸಂತಾಲರ ನೆರೆ ಇರಲಿಲ್ಲ, ಆದರೂ ಅದೇ ಏರ್ಪಾಡು ಅಲ್ಲಿದೆ. ಹಾಗಾಗಿ ಆಸ್ತಿ ಹಳೆಯದು. ಆದರೆ ನಮ್ಮಲ್ಲಿ ಸವೆದುಹೋದದ್ದು ಅಲ್ಲಿ ಬಾಳಿತಲ್ಲ, ಅದಕ್ಕೆ ಪಕ್ಕದ ಮನೆಯವರೂ ಹಾಗೇ ಮಾತಾಡುತ್ತಿದ್ದುದು ನೆರವಾಗಿರಬಹುದು. ಇದು ಊಹೆ ಅಷ್ಟೆ.

ತಮಿಳಿನಲ್ಲಿ ಅಮ್ಮಾನ್ ಅಂದರೆ ಸೋದರಮಾವ. ತಮ್ಮಲೆಯಲ್ಲಿ ‘ತಮ್’ ಇರುವ ಸಾಧ್ಯತೆ ಇದೆ. ಅಳಿಯಸಂತಾನದ ನಾಡಿನಲ್ಲಿ ಮಾವನಿಗೆ ‘ತಮ್ಮವ’ ಅನ್ನೋ ಮುದ್ರೆ ಬಿದ್ದಿದ್ದರೆ ಚೆನ್ನಾಗಿಯೇ ಇದೆ.

ಚಹಾ ಇಲ್ಲದೆ ಬೆಳಗಿಲ್ಲ

ಹೆಣ್ಣುಮಕ್ಕಳು ಮಾತಾಡುವಾಗಲೂ ಇದೇ ಪದಗಳಾ? ನೀವು ಕೇಳಿದ್ದೆಲ್ಲ ಬ್ಯಾಂಕಿನ ಗಂಡಸರ ಮಾತು ಅನ್ನಿಸಿತು.

ಗುಮ್ಲಾದಿಂದ ಬಂದವನು

ನಿಜ ಮೇಡಂ, ಕುಡುಖ್‌ನಲ್ಲಿ ಇದು ಕೇಳಲೇಬೇಕಾದ ಪ್ರಶ್ನೆ. ನಂಟಿನ ಪದ ಎಲ್ಲರಿಗೂ ಒಂದೇ, ಕ್ರಿಯಾಪದ ಬೇರೆ! ಗಂಡಸು ‘ಬರುತ್ತೇನೆ’ ಅನ್ನಲು ‘ಏನ್ ಬರ್ದನ್’ ಅನ್ನುತ್ತಾನೆ. ಹೆಂಗಸು ಇನ್ನೊಬ್ಬ ಹೆಂಗಸಿನ ಹತ್ತಿರ ಮಾತಾಡುವಾಗ ‘ಏನ್ ಬರ್‌ಏನ್’. ನಾನು ಗೆಳೆಯನ ತಾಯಿಯಿಂದ ಕೇಳಿ ಕಲಿತ ಎರಡು ವಾಕ್ಯ ಸಂತೆಯಲ್ಲಿ ಬಳಸಿ ಮತ್ತೊಮ್ಮೆ ನಗೆಪಾಟಲಾದೆ, ಆ ಕಥೆ ಬೇಡ.

ಊಟಿ ಚಳಿ

ನೀಲಗಿರಿಯಿಂದ. ಚರ್ಚೆ ‘ಯಾರ ತಂದೆ’ ಅನ್ನೋದರ ಸುತ್ತ ಇದೆ. ಇಲ್ಲಿನ ತೊದ (ತೋಡಾ) ಬುಡಕಟ್ಟಿನವರಲ್ಲಿ ‘ಯಾರು ತಂದೆ’ ಅನ್ನೋದೇ ಪ್ರಶ್ನೆಯಾಗಿತ್ತು. ಮಾನವಶಾಸ್ತ್ರಜ್ಞ ಡಬ್ಲ್ಯು.ಎಚ್.ಆರ್. ರಿವರ್ಸ್ 1902ರಲ್ಲಿ ಇಲ್ಲಿ ಉಳಿದು, 1906ರಲ್ಲಿ ಪುಸ್ತಕ ತಂದರು. ಆಗ ಅಣ್ಣತಮ್ಮಂದಿರಿಗೆ ಒಬ್ಬಳೇ ಹೆಂಡತಿ ಇರುವುದು ರೂಢಿ. ಬಸುರಿಯ ಏಳನೇ ತಿಂಗಳ ಸುಮಾರಿಗೆ ಬಿಲ್ಲು-ಬಾಣದ ಶಾಸ್ತ್ರ ಮಾಡುತ್ತಿದ್ದರು. ಬಿಲ್ಲು ಕೊಟ್ಟವನೇ ಆ ಮಗುವಿಗೆ ತಂದೆ. ಬೇರೊಬ್ಬ ಬಿಲ್ಲು ಕೊಡುವವರೆಗೆ ಮುಂದಿನ ಮಕ್ಕಳಿಗೂ ಅವನೇ. ತಂದೆಗೆ ಅವರ ಪದ ‘ಇನ್’. ತಂದೆಯ ಅಣ್ಣತಮ್ಮಂದಿರೂ ಇನ್ ಬಳಗಕ್ಕೇ ಸೇರುತ್ತಾರೆ, ನಮ್ಮ ದೊಡ್ಡಪ್ಪ-ಚಿಕ್ಕಪ್ಪಂದಿರೂ ಅಪ್ಪಂದಿರೇ ಅಲ್ಲವೇ, ಹಾಗೆ. ಸೋದರಮಾವ ‘ಮುನ್’. ಸೋದರಮಾವನ ಮಕ್ಕಳು, ಸೋದರತ್ತೆಯ ಮಕ್ಕಳು ‘ಮಚ್ಚುನಿ’, ಅಂದರೆ ಮದುವೆ ಆಗಬಹುದಾದ ಬಳಗ.

ತೊದ ಮಾತಾಡುವವರು ಈಗ ಒಂದೂವರೆ ಸಾವಿರದ ಆಸುಪಾಸು. ಇವರಿಗೆ ಹೋಲಿಸಿದರೆ, 20 ಲಕ್ಷ ಜನರ ಕುಡುಖ್ ಕೂಡ ಅಳಿವಿನಂಚಿನದ್ದು ಅಂತ ಕೆಲವರು ಹೇಳುವುದನ್ನು ಕೇಳಿದರೆ ನಗು ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ದ್ವೀಪದ ದಾರಿ

ಪೋರ್ಟ್‌ಬ್ಲೇರ್‌ನಲ್ಲಿ ಕೆಲವು ಕಾಲ ಇದ್ದವಳು. ಒಡೆಯನಿಲ್ಲದೆ ನಿಲ್ಲದ ಪದಗಳ ಮಾತು ಬಂದದ್ದಕ್ಕೆ ಸೇರಿಸುತ್ತೇನೆ. ಅಂಡಮಾನಿನ ಮೂಲನಿವಾಸಿಗಳ ಭಾಷೆ ಗ್ರೇಟ್ ಅಂಡಮಾನೀಸ್‌ನಲ್ಲಿ ಇದು ತುದಿ ಮುಟ್ಟಿದೆ. ಭಾಷಾವಿಜ್ಞಾನಿ ಅನ್ವಿತಾ ಅಬ್ಬಿಯವರು 2005ರಿಂದ ಅಲ್ಲಿನ ಕೊನೆಯ ಮಾತುಗಾರರ ಜೊತೆ ಕೂತು ಬರೆದಿಟ್ಟಂತೆ, ಆ ಭಾಷೆ ಮೈಯನ್ನು ಏಳು ಭಾಗ ಮಾಡುತ್ತದೆ. ಬಾಯಿಗೆ ಸೇರಿದ್ದು, ಒಳಗಿನ ಅಂಗ, ಕೈಕಾಲಿನ ತುದಿ, ಹೀಗೆ ಪ್ರತಿ ಭಾಗಕ್ಕೂ ಒಂದು ಪೂರ್ವಪ್ರತ್ಯಯ. ನಂಟಿನ ಪದಗಳೂ ಇದೇ ಏರ್ಪಾಡಿನೊಳಗೆ ಬರುತ್ತವೆ. ಅಂದರೆ ಅಪ್ಪ ಅಮ್ಮ ಕೈಕಾಲಿನ ಹಾಗೆ ಮೈಗೆ ಅಂಟಿದವರು. ಯಾರ ಕೈ ಅಂತ ಹೇಳದೆ ಕೈ ಅನ್ನಲಾಗದು, ಯಾರ ಅಪ್ಪ ಅಂತ ಹೇಳದೆ ಅಪ್ಪ ಅನ್ನಲಾಗದು. ಆ ಬಳಗದ ‘ಬೊ’ ಭಾಷೆಯ ಕೊನೆಯ ಮಾತುಗಾರ್ತಿ ಬೊವಾ ಸೀನಿಯರ್ 2010ರ ಜನವರಿಯಲ್ಲಿ ತೀರಿಕೊಂಡರು.

ಗುಮ್ಲಾದಿಂದ ಬಂದವನು

ಊಟಿಯವರೇ, ಬೇಸರವೇನಿಲ್ಲ. 2011ರ ಜನಗಣತಿಯಲ್ಲಿ ಕುಡುಖ್ ಮಾತೃಭಾಷೆ ಅಂದವರು ಸುಮಾರು 19.9 ಲಕ್ಷ. ಆದರೆ ಉರಾಂವ್ ಅನ್ನಿಸಿಕೊಳ್ಳುವವರು ಅದಕ್ಕಿಂತ ಎಷ್ಟೋ ಹೆಚ್ಚು. ಉಳಿದವರ ಮನೆಮಾತು ಸಾದ್ರಿ, ಹಿಂದಿ. ಯುನೆಸ್ಕೋ ಪಟ್ಟಿಯಲ್ಲೂ ಇದು ಅಪಾಯಕ್ಕೆ ಒಳಗಾಗಬಹುದಾದ ಭಾಷೆ ಅಂತಲೇ ಇದೆ. ಹಾಗಂತ ಕೈಕಟ್ಟಿ ಕೂತಿಲ್ಲ ಅವರು. ನಾರಾಯಣ ಉರಾಂವ್ ಅನ್ನೋ ವೈದ್ಯರು ತೋಲೋಂಗ್ ಸಿಕಿ ಅಂತ ಲಿಪಿಯನ್ನೇ ಮಾಡಿದ್ದಾರೆ.

ನನಗೆ ಅಂಕಿಗಿಂತ ಹೆಚ್ಚು ಹೇಳಿದ್ದು ಗೆಳೆಯನ ಮನೆ. ಅವನು, ಅವನ ಹೆಂಡತಿ ಕುಡುಖ್ ಬಲ್ಲವರು. ಮಗಳಿಗೆ ಎಂಟು ವರ್ಷ, ಶಾಲೆಯಲ್ಲಿ ಹಿಂದಿ, ಓಣಿಯಲ್ಲಿ ಸಾದ್ರಿ. ಅಪ್ಪನನ್ನು ಕರೆಯುವುದು ಪಾಪಾ. ದೊಡ್ಡಣ್ಣ ದಾದಾ, ಚಿಕ್ಕಪ್ಪ ಕಾಕಾ, ಇವೆಲ್ಲ ಸುತ್ತಲಿನ ಭಾಷೆಯಿಂದ ಬಂದು ದೊಡ್ಡವರ ಕುಡುಖ್‌ನಲ್ಲೂ ಕೂತಿವೆ, ಅವಕ್ಕೆ ಎಂ-ನಿಂ-ತಂ ಇಲ್ಲ. ಮೂರು ರೂಪದ ಪದಗಳು ಉಳಿದಿರುವುದು ಅಪ್ಪ, ಅಮ್ಮ, ಮಕ್ಕಳು ಇಂಥ ತೀರ ಹತ್ತಿರದ ನಾಲ್ಕಾರು ನಂಟಿನಲ್ಲಿ.

ಆ ಹುಡುಗಿ ಕುಡುಖ್ ಕೇಳುವುದು ಅಜ್ಜಿಯ ಬಾಯಿಂದ. ಅಜ್ಜಿ ಸಂಜೆ ಜಗುಲಿಯಲ್ಲಿ ಕೂತು ಅವಳನ್ನು ಕೇಳುವುದು ಒಂದೇ: ನಿಂಬಸ್ ಎಲ್ಲಿ? ನಿಂಬಸ್ ಬಂದನಾ? ಮಗುವಿನ ಕಿವಿಗೆ ಬೀಳುವುದೆಲ್ಲ ನಿಂಬಸ್ಸೇ. ಒಂದು ಸಂಜೆ ನಾನು ಬಾಗಿಲಲ್ಲಿ ನಿಂತಿದ್ದಾಗ ಒಳಗೆ ಓಡುತ್ತಾ ಸಾದ್ರಿಯಲ್ಲಿ ಕೂಗಿದಳು: ‘ಮೋರ್ ನಿಂಬಸ್ ಆಯ್ ಗೇಲಕ್!’

ನನ್ನ ನಿನ್ನಪ್ಪ ಬಂದ.

ನಮ್ಮಲ್ಲಿ ‘ತಂದೆ’ ಗೆದ್ದಿತು. ಅಲ್ಲಿ ಗೆಲ್ಲುವುದು ‘ನಿಂಬಸ್’ ಇರಬಹುದು, ಇನ್ನೊಂದು ನೂರು ವರ್ಷ ಬಾಳಿದರೆ.

ಮಾನಸಗಂಗೋತ್ರಿ ಹಳೇ ವಿದ್ಯಾರ್ಥಿ

ಇದನ್ನು ಓದಿ ಎದ್ದು ಓಡಾಡಿ ಬಂದೆ. ಎಂದೈ, ನುಂದೈ ಉದುರಿಹೋಗಿ ತಂದೆ ಒಂದೇ ಉಳಿದದ್ದು ಯಾವ ಜಗುಲಿಯ ಮೇಲೋ, ಯಾವ ಮಗುವಿನ ಬಾಯಲ್ಲೋ ಅಂತ ಇಷ್ಟು ದಿನ ಕಲ್ಪಿಸಿಕೊಳ್ಳಲೂ ಆಗಿರಲಿಲ್ಲ. ಅಜ್ಜಿ ತಿದ್ದಿದರಾ?

ಹುಬ್ಬಳ್ಳಿ ಮಂದಿ

ಅದನ್ನ ನಾನೂ ಕೇಳೋನಿದ್ದೆ. ನಿಮಗ ನಕ್ಕಂಗ ಆ ಕೂಸಿಗೂ ನಕ್ಕರೇನು?

ಗುಮ್ಲಾದಿಂದ ಬಂದವನು

ನಗಲಿಲ್ಲ. ಅಜ್ಜಿ ಕೈಯಲ್ಲಿದ್ದ ಮೊರ ಕೆಳಗಿಟ್ಟು ‘ಎಂಬಸ್’ ಅಂದರು, ಬಿಡಿಸಿ, ನಿಧಾನಕ್ಕೆ. ಹುಡುಗಿಯೂ ‘ಎಂಬಸ್’ ಅಂದಳು. ಗೆಳೆಯ ಸೈಕಲ್ ನಿಲ್ಲಿಸಿ ಒಳಗೆ ಬಂದ, ನನಗೆ ಚಹಾ ಹೇಳಿದ. ಮಾರನೇ ದಿನ ಸಂಜೆ ಅದೇ ಹೊತ್ತಿಗೆ ಮತ್ತೆ ಹೋಗಿದ್ದೆ, ‘ಮೋರ್ ನಿಂಬಸ್’ ಅಂತ ಕೂಗಿಕೊಂಡೇ ಓಡಿದಳು.